ಕಿವಿ ಡಾಕ್ಟರ ಹೊಸಿಲು

ಗೆಳತಿಯರೇ, ನಮ್ಮ ಸುಮಿಯದು ನಾಟಕವಲ್ಲ, ಅವಳ ಒಳಕಿವಿಯಿಂದ ನೀರು ಸೋರುತ್ತಿದೆಯಂತೆ, ಅದು ವಾಸಿಯಾಗುತ್ತದಂತೆ! ಸುಮಿ ನನ್ನ ಭಾವನ ಮಗಳು, ಎರಡನೇ ಕ್ಲಾಸು. ನಡೆಯುತ್ತಾ ತೂರಾಡುತ್ತಾಳೆ, ಕರೆದರೆ ಕೇಳಿಸುವುದಿಲ್ಲ. ಸ್ಕೂಲು ತಪ್ಪಿಸುವ ಆಟವೆಂದು ಮನೆಯವರೆಲ್ಲ ಗದರುತ್ತಿದ್ದರು.

ಇವತ್ತು ರಾಜಾಜಿನಗರದ ಕಿವಿ ಡಾಕ್ಟರ ಹತ್ತಿರ ರಿಪೋರ್ಟ್. ಅದು ಬರುವವರೆಗೆ ಆಷಾಢಕ್ಕೆಂದು ತವರಿಗೆ ಹೊರಡುವುದಿಲ್ಲವೆಂದು ಹಟ ಹಿಡಿದಿದ್ದೆ. ಅಷ್ಟರಲ್ಲಿ ಆಷಾಢ ಹುಟ್ಟಿತು. ಆ ತಿಂಗಳು ಅತ್ತೆಯೂ ಹೊಸ ಸೊಸೆಯೂ ಒಂದೇ ಹೊಸಿಲು ದಾಟಬಾರದಲ್ಲ, ಹಾಗಾಗಿ ಮನೆಯಲ್ಲಿ ನನಗೆ ಹಿತ್ತಿಲ ಬಾಗಿಲು. ಆದರೆ ಕ್ಲಿನಿಕ್ಕಿಗೆ ಇರುವುದೇ ಒಂದು ಬಾಗಿಲು! ಅತ್ತೆ ಹೊರಗೆ ಕಿಟಕಿಯ ಬಳಿ ನಿಂತರು. ನಾನು ಒಳಗೆ ಸುಮಿಯ ಕೈ ಹಿಡಿದು, ಕೂತಲ್ಲೇ ಕಾಲು ಕುಣಿಸುತ್ತಿದ್ದೆ.

"ಕಿವಿಯೊಳಗಿಂದ ತೆಗೆದ ನೀರಲ್ಲಿ ಒಂದು ಪ್ರೋಟೀನ್ ಹುಡುಕಿಸಿದ್ವಿ," ಎಂದರು ಡಾಕ್ಟರು. "ನೆಗಡಿಯಿಂದ ಕಿವೀಲಿ ತುಂಬೋ ನೀರಲ್ಲಿ ಅದು ಇರಲ್ಲ, ಇವಳದ್ರಲ್ಲಿ ಇದೆ. ಅಂದ್ರೆ ಒಳಕಿವೀನೇ ಸೋರ್ತಿದೆ, ತಲೆ ಸುತ್ತೋದು ಅದಕ್ಕೇ. ಸಣ್ಣ ಆಪರೇಷನ್ ಮಾಡಿ ಮುಚ್ಚಬಹುದು."

"ಏನಂತೆ? ಜೋರಾಗಿ ಹೇಳೇ!" ಎಂದರು ಕಿಟಕಿಯಿಂದ ಅತ್ತೆ.

"ಸುಮಿ ಸುಳ್ಳು ಹೇಳಿಲ್ವಂತೆ ಅತ್ತೆ! ನಿಜವಾಗ್ಲೂ ತಲೆ ಸುತ್ತುತ್ತಂತೆ!"

ಕಿಟಕಿ ಖಾಲಿಯಾಯಿತು. ಮರುಕ್ಷಣ ಅತ್ತೆ ಒಳಗೆ ಬಂದು ಸುಮಿಯನ್ನು ಅವಚಿಕೊಂಡಿದ್ದರು. "ಮೊನ್ನೆ ಹೊಡೆದ್ಬಿಟ್ಟೆ ಕಣೇ ಕಂದಾ!"

"ಅತ್ತೆ, ಹೊಸಿಲು!" ಎಂದೆ.

"ಸುಮ್ನಿರೇ. ಆಸ್ಪತ್ರೆಗೆ ಯಾವ ಆಷಾಢ?"

ಆದರೆ ನನ್ನನ್ನು ತವರಿಗೆ ಅಟ್ಟುವ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ನನ್ನನ್ನು ಕರೆದುಕೊಳ್ಳಲು ಎಲ್ಲರೂ ನಮ್ಮೂರ ಸ್ಟೇಷನ್ನಿಗೆ ಬನ್ನಿ: ಭಾನುವಾರ, ಶಿವಮೊಗ್ಗ ಪ್ಯಾಸೆಂಜರ್.