ಎಡಗಿವಿಗೆ ಹೇಳಿದ್ದು

ಮಂಗಳಾ, ನಿನ್ನ ಎಡಗಿವಿಯನ್ನು ಕೆಡಿಸಿದವನು ನಾನು. ಕೈತಪ್ಪಿ ಆದದ್ದಲ್ಲ — ಬೇಕೆಂದೇ ಮಾಡಿದ್ದು. ಮದುವೆಯಾದಂದಿನಿಂದ ಈ ಮಾತನ್ನು ನಿನಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಎಡಗಡೆ ಕೂತು, ಆ ಸತ್ತ ಕಿವಿಗೇ ಹೇಳಿದ್ದೇನೆ. ನೀನು ಹೂ ಕಟ್ಟುತ್ತಾ ಇರುತ್ತೀಯ. ನಾನು ಹೇಳಿ ಮುಗಿಸಿ ಎದ್ದು ಹೋಗುತ್ತೇನೆ. ಥೂ, ನನ್ನ ಹೇಡಿತನಕ್ಕಿಷ್ಟು!

ಎಪ್ಪತ್ತರ ದಶಕದ ನಡುಭಾಗ. ರಾಜಾಜಿನಗರದ ಒಂದು ಮಹಡಿಯ ಮೇಲೆ ನಮ್ಮ ತರಬೇತಿ ಕೇಂದ್ರ. ಟೇಪ್ ರೆಕಾರ್ಡರು, ಮಿಕ್ಸರು, ಮೈಕುಗಳನ್ನು ನಡೆಸುವುದನ್ನು ಕಲಿಸಿ, ರೇಡಿಯೋ ಸ್ಟೇಷನ್ನಿನ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುವ ಮೇಷ್ಟ್ರು ನಾನು. ಪಕ್ಕದ ಕಾರ್ಖಾನೆಯ ಸದ್ದು ಒಳಗೆ ಬಾರದಿರಲೆಂದು ಕಿಟಕಿಗಳಿಗೆಲ್ಲ ಹಳೆಯ ಹಾಸಿಗೆ ಬಡಿದಿದ್ದೆವು. ಹಗಲಲ್ಲೂ ದೀಪ ಬೇಕಾಗುತ್ತಿತ್ತು. ದಾವಣಗೆರೆಯಿಂದ ಬಂದು ಜವಳಿ ಅಂಗಡಿ ಇಟ್ಟಿದ್ದವರ ಮಗಳು ನೀನು, ಆ ಬ್ಯಾಚಿಗೆ ಒಬ್ಬಳೇ ಹುಡುಗಿ. ನೀನು ಹೆಡ್‌ಫೋನಿನ ಒಂದು ಬಟ್ಟಲನ್ನು ಮಾತ್ರ ಎಡಗಿವಿಗೆ ಒತ್ತಿ ಹಿಡಿಯುತ್ತಿದ್ದೆ. ಒಂದು ಕಿವಿ ಟೇಪಿಗೆ, ಇನ್ನೊಂದು ಕೋಣೆಗೆ — ನಾನೇ ಕಲಿಸಿದ್ದು.

ಒಂದು ದಿನ ಯಾರದೋ ಭಾಷಣದ ಟೇಪು ಕತ್ತರಿಸಿ ಅಂಟಿಸುವುದನ್ನು ತೋರಿಸಿ, "ಜಾಯಿಂಟ್ ಎಲ್ಲಿದೆ ಹೇಳ್ರೋ ನೋಡೋಣ, ಯಾರ ಕೈಲೂ ಆಗಲ್ಲ" ಎಂದು ಕೊಚ್ಚಿಕೊಂಡೆ. ನೀನು ಮೆಲ್ಲಗೆ ಹೇಳಿದೆ: "ಸಾರ್, ಅವ್ರು ಉಸಿರು ಎಳ್ಕೊಳೋದು ಅರ್ಧಕ್ಕೇ ಕಟ್ ಆಗಿದೆ ಸಾರ್."

ಹೌದು, ಆಗಿತ್ತು. ಹಿಂದಿನಿಂದ ಯಾರೋ, "ಮೇಷ್ಟ್ರಿಗೇ ಪಾಠ ಕಣೋ ಮಗಾ!" ಎಂದ. ಎಲ್ಲರೂ ನಕ್ಕರು. ನೀನು ಮಾತ್ರ ನಗಲಿಲ್ಲ, ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯಿತು.

ನಮ್ಮ ಕಸುಬಿನವರಲ್ಲಿ ಒಂದು ಕೆಟ್ಟ ಚಾಳಿ ಇತ್ತು. ಸದ್ದಿನ ಮಟ್ಟ ತೋರಿಸುವ ಮೀಟರು ಸರಿಯಿದೆಯೇ ಎಂದು ನೋಡಲು ಪ್ರತಿ ಬೆಳಗ್ಗೆ ಒಂದೇ ಸಮನೆ ಕೂಗುವ ಟೋನ್ ಬಿಡುತ್ತೇವಲ್ಲ — ಅದನ್ನು ಹೊಸಬರ ಕಿವಿಗೆ ಚೂರು ಜೋರಾಗಿ ಬಿಟ್ಟು ಬೆಚ್ಚಿಬೀಳಿಸುವುದು. ನನಗೂ ನನ್ನ ಮೇಷ್ಟ್ರು ಮಾಡಿದ್ದರು. ಆದರೆ ನನಗೆ ಚೂರು ಸಾಲದಾಯಿತು. ಮರುದಿನ ಬೆಳಗ್ಗೆ ಬೇಗ ಬಂದು, ಹಿಂದಿನ ಸಂಜೆ ನೀನು ಜೋಡಿಸಿಟ್ಟು ಹೋಗಿದ್ದ ಹೆಡ್‌ಫೋನಿನ ಪ್ಲಗ್ಗನ್ನು ಕಿತ್ತು, ದೊಡ್ಡ ಸ್ಪೀಕರಿಗೆ ಸದ್ದು ಕಳಿಸುವ ತೂತಿಗೆ ಸಿಕ್ಕಿಸಿದೆ. ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಅಷ್ಟು ಸದ್ದು ಕಿವಿಯ ಹತ್ತಿರ ಹೋಗಬಾರದೆಂದು ಆ ಕಟ್ಟಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ. ಬೇರೆಯವರು ಇನ್ನೂ ಬಂದಿರಲಿಲ್ಲ. ನೀನು ಬಂದೆ, "ನಮಸ್ಕಾರ ಸಾರ್" ಎಂದೆ, ಬಟ್ಟಲನ್ನು ಕಿವಿಗೆ ಒತ್ತಿದೆ. ನಾನು ಸ್ವಿಚ್ ಹಾಕಿದೆ.

ನೀನು ಕಿರುಚಲಿಲ್ಲ. ಕೂತಲ್ಲೇ ಒಂದು ಕಡೆ ವಾಲಿದೆ. ಕಿವಿಯಿಂದ ಕೈ ತೆಗೆಯಬೇಕೆಂದು ನಿನಗೆ ಹೊಳೆಯಲೇ ಇಲ್ಲ — ನಾನೂ ಸ್ವಿಚ್ ಆರಿಸಲಿಲ್ಲ, ತಕ್ಷಣ ಆರಿಸಲಿಲ್ಲ. ಆ ಗಳಿಗೆಯಲ್ಲಿ ನಾನು ಏನು ನೋಡುತ್ತಾ ನಿಂತಿದ್ದೆ ಎಂದರೆ —

ಆಮೇಲೆ ನೀನು ವೈರನ್ನು ಹಿಡಿದುಕೊಂಡೇ ಹೋಗಿ, ಅದು ಸೇರಿದ್ದ ತೂತನ್ನು ನೋಡಿದೆ. ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ನಾನೇ ತಪ್ಪು ಕಡೆ ಸಿಕ್ಕಿಸ್ಬಿಟ್ಟಿದ್ನಾ ಸಾರ್?"

"ಇರಬಹುದು ಕಣಮ್ಮ" ಎಂದೆ.

ಅಷ್ಟೇ ಮಾತು. ಅದನ್ನು ನೀನು ಇವತ್ತಿನವರೆಗೂ ನಂಬಿಕೊಂಡು ಬಂದಿದ್ದೀಯ. ರೇಡಿಯೋ ಸ್ಟೇಷನ್ನಿನವರು ಸಂದರ್ಶನಕ್ಕೆ ಕರೆದಾಗ ನೀನು ಹೋಗಲಿಲ್ಲ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನೂ ನನ್ನಿಂದಲೇ ಹಾಕಿಸುತ್ತೀಯ — "ನನ್ ಕೈ ಸರಿ ಇಲ್ಲ ಕಣ್ರೀ, ನೀವೇ ಹಾಕಿಕೊಡಿ." ನಾನು ಎದ್ದು ಬಂದು ಹಾಕಿಕೊಡುತ್ತೇನೆ.

ನಾನು ನಿನ್ನನ್ನು ಮದುವೆಗೆ ಕೇಳಲು ಬಂದ ದಿನ ನಿಮ್ಮಪ್ಪ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ಕಿವಿ ಕೇಳ್ಸಲ್ಲ ಅಂತ ಗೊತ್ತಿದ್ದೂ ಒಪ್ಕೊಂಡ್ರಲ್ಲ, ದೊಡ್ಡ ಮನಸ್ಸು ರೀ ನಿಮ್ದು." ನಾನು ತಲೆ ತಗ್ಗಿಸಿದೆ, ಅದನ್ನು ಅವರು ವಿನಯವೆಂದುಕೊಂಡರು. ನಿನ್ನ ಮೇಲಿನ ಪ್ರೀತಿಯಿಂದ ಬಂದೆನೋ, ಗುಟ್ಟನ್ನು ಕಣ್ಣೆದುರೇ ಇಟ್ಟುಕೊಂಡು ಕಾಯಲು ಬಂದೆನೋ — ಇವತ್ತಿಗೂ ಎದೆ ಮುಟ್ಟಿ ಹೇಳಲಾರೆ.

ಹೋದ ವಾರ ಡಾಕ್ಟರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, ನಿನ್ನ ಬಲಗಿವಿಯೂ ಮಂದವಾಗುತ್ತಿದೆ, ಬಹಳ ದಿನ ಉಳಿಯಲಾರದು ಎಂದರು. ನನಗೆ ಆಗ ಏನನ್ನಿಸಿತು ಗೊತ್ತೇ? ಅಬ್ಬಾ, ಇನ್ನು ಸ್ವಲ್ಪ ದಿನ ತಳ್ಳಿದರೆ ಸಾಕು ಎಂದು. ಮೊದಲು ಬಂದದ್ದು ಸಮಾಧಾನ ಮಂಗಳಾ, ದುಃಖವಲ್ಲ! ಅವತ್ತು ಸ್ವಿಚ್ ಆರಿಸದೆ ನಿಂತಿದ್ದವನು ಇನ್ನೂ ನನ್ನೊಳಗೆ ಹಾಗೇ ನಿಂತಿದ್ದಾನೆ. ಅವನಿಗೆ ಹೆದರಿ ಇದನ್ನು ಬರೆದೆ.

ಬರೆದದ್ದನ್ನು ನಿನ್ನ ಕೈಗೆ ಕೊಡುವುದಿಲ್ಲ. ಕೊಟ್ಟರೆ ನಿನ್ನ ಮುಖ ನೋಡದೆ ತಪ್ಪಿಸಿಕೊಂಡುಬಿಡುತ್ತೇನೆ. ರೆಕಾರ್ಡಿಂಗಿಗೆ ಮುಂಚೆ ಒಮ್ಮೆ ಓದಿ ನೋಡಿಕೊಳ್ಳುವ ಹಾಗೆ, ಇದು ಬರೀ ಅಭ್ಯಾಸ. ಇವತ್ತು ಸಂಜೆ ನೀನು ವರಾಂಡದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಾಗ, ನನ್ನ ಕುರ್ಚಿಯನ್ನು ಬಲಗಡೆಗೆ ಎಳೆದುಕೊಳ್ಳುತ್ತೇನೆ. "ಏನ್ರೀ, ಇವತ್ತು ಹೊಸದಾಗಿ ಈ ಕಡೆ?" ಎನ್ನುತ್ತೀಯ. ನಿನ್ನ ಮುಖ ನೋಡುತ್ತಲೇ ಹೇಳುತ್ತೇನೆ: ಮಂಗಳಾ, ಅವತ್ತು ಆ ಪ್ಲಗ್ ಸಿಕ್ಕಿಸಿದ್ದು ನೀನಲ್ಲ.