ಕೀಲಕ್ಕನ ಎಡಗೈ

ಬೆಳಿಗ್ಗೆ ಆರು ಗಂಟೆ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೀರಿನ ಮೀಟರುಗಳ ಪಕ್ಕದಲ್ಲಿ, ಟ್ಯೂಬ್‌ಲೈಟೊಂದು ಕಣ್ಣು ಮಿಟುಕಿಸಿ ಹತ್ತಿಕೊಳ್ಳುತ್ತದೆ. ಇಲ್ಲಿನ ಕೆಲಸ ನೋಡಲು ಬಂದ ನಾನು ನೆಟ್ಟಗೆ ನಿಂತರೆ ತಲೆ ಮೇಲಿನ ಮೆಟ್ಟಿಲಿಗೆ ಬಡಿಯುತ್ತದೆ. ಕುಳ್ಳಗಿರುವ ಐವತ್ತೆಂಟರ ಈ ಹೆಂಗಸಿಗೆ ಆ ಚಿಂತೆಯಿಲ್ಲ. ಮೊದಲು ಸ್ಟೀಲ್ ಲೋಟದ ಬಿಸಿನೀರಿನಲ್ಲಿ ಬಲಗೈ ಹೆಬ್ಬೆರಳನ್ನು ಹತ್ತು ನಿಮಿಷ ಅದ್ದಿಡುತ್ತಾರೆ. ಆಮೇಲೆ ಆ ಕೈಯನ್ನು ಒರೆಸಿ ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ.

ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವ ಲ್ಯಾಪ್‌ಟಾಪ್ ಒಬ್ಬ ವಕೀಲೆಯದು. ಹತ್ತಕ್ಕೆ ಬಂದು ಒಯ್ಯುತ್ತಾರೆ, ಹನ್ನೊಂದಕ್ಕೆ ಕೋರ್ಟು. ಮೊನ್ನೆ ತೆರೆಯುವಾಗ ಮೂಲೆಯಲ್ಲಿ ‘ಚಟ್’ ಎಂದಿದೆ; ಮುಚ್ಚಳವನ್ನೂ ಮೈಯನ್ನೂ ಜೋಡಿಸುವ ಹಿಂಜ್ ಬಾಯಿ ಬಿಟ್ಟಿದೆ. ಸರ್ವಿಸ್ ಸೆಂಟರಿನವರು ಕೆಳಗಿನ ಮೈಯನ್ನೇ ಬದಲಿಸಬೇಕು, ಹದಿನೈದು ದಿನ ಆಗುತ್ತದೆ ಎಂದರಂತೆ. ಅಲ್ಲಿ ಮುಖ ಸಣ್ಣದು ಮಾಡಿಕೊಂಡವರೆಲ್ಲ ಕೊನೆಗೆ ಬರುವುದು ಈ ಮೆಟ್ಟಿಲ ಕೆಳಗೆ. ಹಿಂಜ್ ಅಂದರೆ ಕೀಲು, ಕೀಲು ಕೂರಿಸುವ ಅಕ್ಕ ಕೀಲಕ್ಕ. ಬೀದಿಯವರೆಲ್ಲ ಇವರನ್ನು ಹಾಗೇ ಕರೆಯುತ್ತಾರೆ. ಅಂಗಡಿಗೆ ಬೋರ್ಡ್ ಇಲ್ಲ, ಬೇಕಾಗಿಯೂ ಇಲ್ಲ.

“ಕೀಲು ಮುರಿಯೋದು ಕಡಿಮೆ. ಅದು ಲೋಹ, ಜಗ್ಗಲ್ಲ. ಅದನ್ನ ಹಿಡ್ಕೊಂಡಿರೋ ಪ್ಲಾಸ್ಟಿಕ್ ಇದ್ಯಲ್ಲ, ಪಾಪದ್ದು, ಅದು ಒಡೆಯುತ್ತೆ. ಸಂಸಾರದಲ್ಲೂ ಹಂಗೇ ಅಲ್ವಾ? ಬಿಗಿಯಾಗಿರೋರಿಗೆ ಏನೂ ಆಗಲ್ಲ, ಅವರನ್ನ ಸಂಭಾಳಿಸೋರು ಬಿರುಕು ಬಿಡ್ತಾರೆ” ಎನ್ನುತ್ತಾ ಗಂಡನ ಕಡೆ ನೋಡುತ್ತಾರೆ. ನಿವೃತ್ತ ಬಸ್ ಕಂಡಕ್ಟರ್ ಆದ ಗಂಡ ಕೇಳಿಸದವರಂತೆ ಪೇಪರ್ ಮಗುಚುತ್ತಾರೆ.

ಇಪ್ಪತ್ತೆರಡು ವರ್ಷ ಕೀಲಕ್ಕ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡಿದವರು. ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಕಿವಿಗೆ ಒತ್ತುವುದನ್ನು ಬಗ್ಗಿಸಿ ಕೊಡುವುದು. ಅಂಗಡಿ ಮುಚ್ಚಿತು. ಮನೆಯಲ್ಲಿ ಕೈಕಟ್ಟಿ ಕೂತಿದ್ದಾಗ ಪಕ್ಕದ ಮನೆಯಾಕೆ ಮುರಿದ ಲ್ಯಾಪ್‌ಟಾಪ್ ಹಿಡಿದುಕೊಂಡು ಗೋಳಾಡಿದರು. “ಬಿಚ್ಚಿ ನೋಡಿದೆ. ಇದೂ ದೊಡ್ಡ ಕನ್ನಡಕ ತಾನೇ ಅನ್ನಿಸ್ತು” ಎಂದು ನಗುತ್ತಾರೆ. ಅದಾಗಿ ಒಂಬತ್ತು ವರ್ಷ. ಆರಂಭದಲ್ಲಿ ಬಂದವರು ಇವರನ್ನು ಮೇಲಿಂದ ಕೆಳಗೆ ನೋಡಿ, “ಒಳಗೆ ಗಂಡಸರು ಯಾರೂ ಇಲ್ವಾ?” ಎಂದು ಕೇಳುತ್ತಿದ್ದರು. “ಇದ್ದಾರೆ. ಎಣಿಸ್ತಾರೆ” ಎನ್ನುವುದು ಕೀಲಕ್ಕನ ಉತ್ತರ.

ಸುಳ್ಳಲ್ಲ. ದಿನಕ್ಕೆ ಮೂರು ಲ್ಯಾಪ್‌ಟಾಪ್, ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಡೆದ ಜಾಗದಲ್ಲಿ ಹಿತ್ತಾಳೆಯ ಸಣ್ಣ ನಟ್ಟುಗಳನ್ನಿಟ್ಟು, ಎರಡು ಬಗೆಯ ಅಂಟು ಕಲಸಿ ಮೆತ್ತಿ, ರಾತ್ರಿಯಿಡೀ ಒಣಗಲು ಬಿಡುತ್ತಾರೆ. ಬೆಳಿಗ್ಗೆ ಕೀಲಿನ ಬಿಗಿಯನ್ನು ಕಾಲು ಸುತ್ತು ಸಡಿಲಿಸಿ ಕೂರಿಸುತ್ತಾರೆ. ಆಮೇಲೆ ಮುಚ್ಚಳವನ್ನು ನೂರು ಸಲ ತೆರೆದು ಮುಚ್ಚುವುದು. ಲೆಕ್ಕ ಗಂಡನದು. “ಮೂವತ್ತು ವರ್ಷ ತಲೆ ಎಣಿಸಿದೆ, ಈಗ ಮುಚ್ಚಳ ಎಣಿಸ್ತಿದ್ದೀನಿ. ಬಡ್ತಿ ಅಂದ್ರೆ ಇದೇ” ಎನ್ನುತ್ತಾರೆ ಅವರು.

ಕಷ್ಟ ಬಂದಿರುವುದು ಕೀಲಕ್ಕನ ಸ್ವಂತ ಕೀಲಿಗೆ. ಬಲಗೈ ಹೆಬ್ಬೆರಳಿನ ಬುಡ ಸವೆದುಹೋಗಿದೆ. ಬೆಳಗಿನ ಹೊತ್ತು ಬಾಚಣಿಗೆ ಹಿಡಿದರೂ ಜೀವ ಹೋಗುವಷ್ಟು ನೋವು. ಸೋಮವಾರ ಆಪರೇಷನ್. ಆ ಕೀಲು ಇನ್ನು ಅಲುಗದಂತೆ ಬಿಗಿದುಬಿಡುತ್ತಾರೆ. ನೋವು ಹೋಗುತ್ತದೆ, ಎಳ್ಳಿನಷ್ಟು ಸಣ್ಣ ಸ್ಕ್ರೂ ತಿರುಗಿಸುವ ನಾಜೂಕೂ ಅದರ ಜೊತೆಗೇ ಹೋಗುತ್ತದೆ. “ಜೀವಮಾನವೆಲ್ಲ ಬಿಗಿದ ಕೀಲು ಸಡಿಲ ಮಾಡಿದವಳು ನಾನು. ಈಗ ಡಾಕ್ಟರು ನನ್ನ ಕೀಲೇ ಬಿಗೀತೀನಿ ಅಂತಾರೆ. ನಗಬೇಕೋ ಅಳಬೇಕೋ ನೀವೇ ಹೇಳಿ.”

ಆದರೆ ಕೀಲಕ್ಕ ಎಂಟು ತಿಂಗಳ ಹಿಂದೆಯೇ ದಾರಿ ಹುಡುಕಿಕೊಂಡಿದ್ದಾರೆ. ಎಡಗೈಗೆ ಅಕ್ಷರಾಭ್ಯಾಸ! ಮೊದಲು ಎಡಗೈಯಲ್ಲಿ ತಲೆ ಬಾಚಿದ್ದು, ಗುಂಡಿ ಹಾಕಿದ್ದು, ಆಮೇಲೆ ಗುಜರಿಯಿಂದ ತಂದ ಹಳೇ ಮುಚ್ಚಳಗಳ ಮೇಲೆ ಸ್ಕ್ರೂ ತಿರುಗಿಸಿದ್ದು. ಹನ್ನೊಂದು ಮುಚ್ಚಳ ಒಡೆದವು. “ಎಡಗೈಗೆ ಸ್ಕ್ರೂ ಬಿಗಿ ಮಾಡೋದು ಕಷ್ಟ, ಬಿಚ್ಚೋದು ಸಲೀಸು. ಬಲಗೈಗೆ ಎಷ್ಟು ಸಾಕು ಅಂತ ತಾನೇ ಗೊತ್ತಾಗ್ತಿತ್ತು. ಇದಕ್ಕೆ ಇನ್ನೂ ಅಷ್ಟು ಬುದ್ಧಿ ಬಂದಿಲ್ಲ.” ಗಿರಾಕಿಯ ಲ್ಯಾಪ್‌ಟಾಪನ್ನು ಪೂರ್ತಿ ಎಡಗೈಯಲ್ಲೇ ಮಾಡುತ್ತಿರುವುದು ಇದೇ ಮೊದಲು. ಈ ಜಾಗ ಉಳಿಸಿಕೊಳ್ಳುತ್ತೀರೋ ಬಿಡುತ್ತೀರೋ ಎಂದು ಕಟ್ಟಡದ ಮಾಲೀಕರು ಇವತ್ತೇ ಉತ್ತರ ಕೇಳಿದ್ದಾರೆ. ಜೆರಾಕ್ಸ್ ಅಂಗಡಿಯವರೊಬ್ಬರು ಕಾದಿದ್ದಾರೆ. ಎಡಗೈ ಗೆದ್ದರೆ ಅಂಗಡಿ. ಸೋತರೆ ಸಂಜೆ ಬೀಗದಕೈ ಕೊಟ್ಟು ಮನೆಗೆ.

ಏಳೂವರೆಗೆ ಒಂದು ಸ್ಕ್ರೂ ಜಾರಿ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ ಟಾರ್ಚ್ ಬಿಡುತ್ತಾರೆ. ಓಡುವ ಬಸ್ಸಿನಲ್ಲಿ ಚಿಲ್ಲರೆ ಹೆಕ್ಕಿದ ಕಂಡಕ್ಟರ್ ಕಣ್ಣಿಗೇ ಅದು ಸಿಗುತ್ತದೆ. ಕೊನೆಯ ಸ್ಕ್ರೂ, ಮುರಿದಿದ್ದ ಮೂಲೆಯದು. ಒಂದು ಕೂದಲೆಳೆ ಹೆಚ್ಚಾದರೂ ನಿನ್ನೆಯ ಅಂಟು ಬಿರುಕು ಬಿಡುತ್ತದೆ. ಕೀಲಕ್ಕನ ಹಣೆಯ ಮೇಲೆ ಬೆವರು. ಮಡಿಲಲ್ಲಿದ್ದ ಬಲಗೈ ತಾನಾಗಿ ಎದ್ದು ಸಹಾಯಕ್ಕೆ ಬರುತ್ತದೆ. “ಸುಮ್ನೆ ಕೂತ್ಕೋ!” ಎಂದು ಗದರಿ ಅದನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ. ಕಣ್ಣು ಮುಚ್ಚುತ್ತಾರೆ. ಎಡಗೈ ತಿರುಗುತ್ತದೆ, ತಡೆಯುತ್ತದೆ, ಇನ್ನೊಂದಿಷ್ಟು ತಿರುಗಿ ನಿಲ್ಲುತ್ತದೆ.

“ಇವತ್ತು ಇನ್ನೂರು ಎಣಿಸ್ರೀ. ಹೊಸ ಕೈ, ಗಿರಾಕಿಗೆ ಮೋಸ ಆಗಬಾರದು” ಎನ್ನುತ್ತಾರೆ ಗಂಡನಿಗೆ. ತೆರೆ, ಮುಚ್ಚು. ತೆರೆ, ಮುಚ್ಚು. ನೂರಾ ಮೂವತ್ತೇಳಕ್ಕೆ ‘ಚಟ್’ ಎನ್ನುತ್ತದೆ. ಎಣಿಕೆ ನಿಲ್ಲುತ್ತದೆ. ಕೀಲಕ್ಕ ಮೂಲೆಯ ಮೇಲೆ ಬೆರಳಾಡಿಸುತ್ತಾರೆ, ಬಿರುಕು ಕಾಣುವುದಿಲ್ಲ. ಗಂಡ ಮೆಲ್ಲಗೆ ಕಾಲು ಚಾಚಿ, “ಗಾಬರಿಯಾಗಬೇಡ ಮಾರಾಯ್ತಿ, ಅದು ನನ್ನ ಮೊಣಕಾಲು” ಎನ್ನುತ್ತಾರೆ. “ಅದಕ್ಕೂ ಅಂಟು ಹಾಕ್ತೀನಿ, ತಡೀರಿ” ಎಂದು ಬೈದು ಕೀಲಕ್ಕ ಮತ್ತೆ ಮುಚ್ಚಳಕ್ಕೆ ಕೈ ಹಾಕುತ್ತಾರೆ. ಇನ್ನೂರು ಮುಗಿದಾಗ ಗಂಟೆ ಒಂಬತ್ತೂವರೆ.

ವಕೀಲೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬರುತ್ತಾರೆ. ಅಲ್ಪವಿರಾಮಕ್ಕೂ ತಕರಾರು ತೆಗೆಯುವವರು, ಹೋದ ವರ್ಷ ಇದೇ ಲ್ಯಾಪ್‌ಟಾಪಿನ ಇನ್ನೊಂದು ಮೂಲೆ ಮಾಡಿಕೊಟ್ಟಾಗ ಕೂದಲಗಲದ ಸಂದು ತೋರಿಸಿ ಮತ್ತೆ ಬಿಚ್ಚಿಸಿದವರು ಎಂದು ಗಂಡ ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ. ಇವತ್ತು ಎಡಗೈ ಮಾಡಿದ್ದು ಈ ವಕೀಲಮ್ಮನಿಗೆ ತಿಳಿಯದಿದ್ದರೆ ಸಾಕು.

ವಕೀಲೆ ಒಂದೇ ಮೂಲೆ ಹಿಡಿದು ಮುಚ್ಚಳ ಎಳೆಯುತ್ತಾರೆ. “ಮಧ್ಯದಲ್ಲಿ ಹಿಡೀರಿ ವಕೀಲಮ್ಮ, ಎಷ್ಟು ಸಲ ಹೇಳೋದು?” ಎನ್ನುತ್ತಾರೆ ಕೀಲಕ್ಕ. ವಕೀಲೆ ಮಧ್ಯದಲ್ಲಿ ಹಿಡಿದು ತೆರೆಯುತ್ತಾರೆ, ಮುಚ್ಚುತ್ತಾರೆ, ಅಂಚಿನ ಉದ್ದಕ್ಕೂ ಉಗುರು ಎಳೆದು ನೋಡುತ್ತಾರೆ. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಗಡಿಯಾರ ನೋಡುತ್ತಾರೆ. ಚೀಲಕ್ಕೆ ಹಾಕಿಕೊಂಡು, “ಬರ್ತೀನಕ್ಕಾ, ಲೇಟಾಯ್ತು” ಎಂದು ಹೊರಟೇಬಿಡುತ್ತಾರೆ.

ಚೆನ್ನಾಗಿದೆ ಎಂಬ ಒಂದು ಮಾತಿಗೂ ಗತಿಯಿಲ್ಲವೇ ಎಂದು ನನಗೆ ಪಿಚ್ಚೆನಿಸುತ್ತದೆ. ಕೀಲಕ್ಕನನ್ನು ಸಮಾಧಾನಪಡಿಸಲೆಂದು ತಿರುಗುತ್ತೇನೆ. ಅವರು ಎಡಗೈಯನ್ನು ಮುಖದ ಮುಂದೆ ಹಿಡಿದು ಅದನ್ನೇ ನೋಡುತ್ತಿದ್ದಾರೆ. ಕಣ್ಣು ತುಂಬಿದೆ.

“ಮಾಲೀಕರಿಗೆ ಫೋನ್ ಮಾಡ್ರೀ” ಎನ್ನುತ್ತಾರೆ ಗಂಡನಿಗೆ. “ಆ ವಕೀಲಮ್ಮ ಏನೂ ಅನ್ನಲಿಲ್ಲ!”