ಮೂವತ್ತೇಳನೇ ಗೂಟದ ಮಣ್ಣು

ಮಣ್ಣು ಪರೀಕ್ಷೆಯ ಆಫೀಸಿನಲ್ಲಿ ಅವಳಿಗೆ ಜರಡಿ ಎಂದು ಹೆಸರು. ಎದುರಿಗೆ ಸಿಕ್ಕಾಗ ಜರಡಿಯಮ್ಮ, ಬೆನ್ನು ತಿರುಗಿಸಿದ ಮೇಲೆ ಬರೀ ಜರಡಿ. ಇಪ್ಪತ್ತಾರು ವರ್ಷದಿಂದ ಕೆಲಸ ಒಂದೇ. ಚೀಲಗಳಲ್ಲಿ ಬಂದ ಮಣ್ಣನ್ನು ಹಿತ್ತಿಲ ಶೆಡ್ಡಿನ ಹಲಗೆಗಳ ಮೇಲೆ ನೆರಳಲ್ಲಿ ಒಣಗಿಸಬೇಕು, ಬೇರು ಕಲ್ಲು ಆರಿಸಬೇಕು, ಹೆಂಟೆಗಳನ್ನು ಮರದ ಕೊಡತಿಯಿಂದ ಒಡೆದು ಜರಡಿ ಹಿಡಿಯಬೇಕು, ಡಬ್ಬಿಗೆ ತುಂಬಿ ಚೀಟಿ ಅಂಟಿಸಿ ಒಳಗೆ ಕಳಿಸಬೇಕು. ಒಳಗೆ ಫ್ಯಾನಿನ ಕೆಳಗೆ ಕೂತವರು ಅದಕ್ಕೆ ಏನೇನೋ ದ್ರಾವಣ ಸುರಿದು ಮೂರು ದಿನ ತಲೆ ಕೆರೆದುಕೊಂಡು ಏನನ್ನು ಕಂಡುಹಿಡಿಯುತ್ತಿದ್ದರೋ, ಅದರ ಮುಕ್ಕಾಲು ಪಾಲು ಅವಳ ಹೆಬ್ಬೆರಳಿಗೆ ಮೊದಲೇ ಗೊತ್ತಿರುತ್ತಿತ್ತು. ಚಿಟಿಕೆ ಮಣ್ಣಿಗೆ ತೊಟ್ಟು ನೀರು ಹಾಕಿ ಉಜ್ಜಿದರೆ ಸಾಕು. ಕಿರಕಿರ ಎಂದರೆ ಮರಳು, ಹಿಟ್ಟಿನಂತೆ ಜಾರಿದರೆ ಗೋಡು, ಅಂಟಿಕೊಂಡು ದಾರದಂತೆ ಎಳೆ ಬಂದರೆ ಜೇಡಿ.

ಅಪ್ಪ ಬಾವಿ ತೋಡುವವನಾಗಿದ್ದ. ಅವನಿಂದ ಅವಳಿಗೆ ಎರಡು ಆಸ್ತಿ ಬಂದಿದ್ದವು: ಮಣ್ಣು ಮೂಸಿ ನೋಡುವ ಅಭ್ಯಾಸ, ಮತ್ತು ಮೂಸಿ ನೋಡದವರನ್ನು ಕಂಡರೆ ಮೂಗು ಮುರಿಯುವ ಚಾಳಿ. ಆಫೀಸಿನಲ್ಲಿ ಮೂಗು ಮುರಿಸಿಕೊಳ್ಳಲು ಯೋಗ್ಯರಾದವರಿಗೇನೂ ಕೊರತೆ ಇರಲಿಲ್ಲ. ಮನೆಯಲ್ಲಿ ಆ ಸ್ಥಾನ ಗಂಡನ ತಂಗಿಯದು. ಆಕೆ ಬಂದವರ ಮುಂದೆಲ್ಲ, "ನಮ್ಮ ಅತ್ತಿಗೆದು ಆಫೀಸು ಕೆಲಸ. ಎಲ್ಲರೂ ಕಸ ಗುಡಿಸ್ತಾರೆ, ಇವರು ಮಣ್ಣು ಗುಡಿಸ್ತಾರೆ" ಎಂದು ಕಿಸಕ್ಕನೆ ನಗುತ್ತಿದ್ದಳು.

ಆಫೀಸಿನ ಸರ್ವೆ ಅಧಿಕಾರಿಗೆ ಟೋಪಿ ಸಾಹೇಬರು ಎಂದು ಹೆಸರು. ಅಗಲ ಅಂಚಿನ ಟೋಪಿಯೊಂದನ್ನು ಆಫೀಸಿನ ಸೂರಿನಡಿಯಲ್ಲೂ ತೆಗೆಯದ ಮನುಷ್ಯ. ಊಟಕ್ಕೆ ಕೂತಾಗ ಮಾತ್ರ ಪಕ್ಕದ ಕುರ್ಚಿಯ ಮೇಲೆ ಅತಿಥಿಯ ಹಾಗೆ ಕೂರಿಸುತ್ತಿದ್ದ. ಅವನು ಟೋಪಿ ಹಾಕಿಕೊಳ್ಳುವವನೋ ಊರಿಗೆ ಹಾಕುವವನೋ ಎಂದು ಆಫೀಸಿನವರು ತಮಾಷೆ ಮಾಡುತ್ತಿದ್ದರು. ಜರಡಿಯಮ್ಮನಿಗೆ ಅದು ತಮಾಷೆ ಎಂದೇ ಅನಿಸಿರಲಿಲ್ಲ.

ಆ ವರ್ಷ ಹೊಳೆ ಬಯಲಿನಲ್ಲಿ ಬಾಳೆ ಹಾಕಿಸಲು ಬೆಳೆಗಾರರ ಸಂಘವೊಂದು ಹೊರಟಿತು. ಮಣ್ಣು ಹೇಗಿದೆ ಎಂದು ನೋಡಿ ನಕ್ಷೆ ಬರೆಯುವ ಕೆಲಸ ಟೋಪಿಯ ಪಾಲಿಗೆ ಬಂತು. ಅರವತ್ತು ಕಡೆ ನಂಬರಿನ ಗೂಟ, ಗೂಟಕ್ಕೊಂದು ಗುಂಡಿ, ಗುಂಡಿಗೆ ನಾಲ್ಕು ಆಳದಿಂದ ನಾಲ್ಕು ಚೀಲ. ಅವನು ಜೀಪಿನಲ್ಲಿ ಹೋಗಿ ಒಂಬತ್ತು ದಿನದಲ್ಲಿ ಮುಗಿಸಿಕೊಂಡು ಬಂದ. ಅರವತ್ತು ಗುಂಡಿಗೆ ಒಂಬತ್ತು ದಿನ! ಅಪ್ಪ ಬದುಕಿದ್ದರೆ ಇವನನ್ನು ಬಾವಿಗೇ ಇಳಿಸುತ್ತಿದ್ದ ಎಂದುಕೊಂಡು ಅವಳು ಚೀಲ ಬಿಚ್ಚಿದಳು.

ಮೊದಲ ಹನ್ನೊಂದು ಜಾಗದ ಮಣ್ಣಿನಲ್ಲಿ ತಕರಾರಿರಲಿಲ್ಲ. ಒಂದರಲ್ಲಿ ಮರಳು ಹೆಚ್ಚು, ಇನ್ನೊಂದರಲ್ಲಿ ಗೋಡು ಹೆಚ್ಚು. ಒಂದರ ಮೂರನೇ ಆಳದಲ್ಲಿ ಕಪ್ಪು ಪದರ, ಇನ್ನೊಂದರಲ್ಲಿ ಅದು ಎರಡನೆಯದರಲ್ಲೇ. ಹೊಳೆಯ ಮಣ್ಣು ಇರಬೇಕಾದದ್ದೇ ಹಾಗೆ. ಪ್ರತಿ ನೆರೆಯೂ ತನ್ನ ಮನಸ್ಸಿಗೆ ಬಂದಷ್ಟು ಬಡಿಸಿ ಹೋಗುತ್ತದೆ. ಹನ್ನೆರಡರಿಂದ ಮಾತ್ರ ಎಲ್ಲವೂ ಒಂದೇ ತಾಯಿಯ ಮಕ್ಕಳು. ಎಲ್ಲವೂ ತಿಳಿ ಕಂದು ಬಣ್ಣದ ಪುಡಿಪುಡಿ ಮಣ್ಣು, ಅದರ ತುಂಬ ಕಾಗೆಬಂಗಾರದ ಮಿಣುಕು. ತುಕ್ಕಿನ ಚುಕ್ಕೆಯಿಲ್ಲ, ಬೂದು ಮಚ್ಚೆಯಿಲ್ಲ, ನಾಲ್ಕನೇ ಆಳದಲ್ಲೂ ಎರೆಹುಳುವಿನ ಬಿಲ. ನೀರು ಬಸಿದುಹೋಗುವ, ಬೇರಿಗೆ ಗಾಳಿ ಸಿಗುವ ಚಿನ್ನದಂಥ ಮಣ್ಣು. ಆದರೆ ನಲವತ್ತೊಂಬತ್ತು ಕಡೆಯೂ ಮೂರನೇ ಚೀಲದಲ್ಲಿ ಅದೇ ಇದ್ದಿಲಿನ ಚೂರು!

ಅವಳು ಎರಡು ತಟ್ಟೆ ಹಿಡಿದುಕೊಂಡು ಆಫೀಸಿನ ಮುಖ್ಯಸ್ಥರ ಕೋಣೆಗೆ ಹೋದಳು.

"ಸಾರ್, ಇದು ಹದಿನಾಲ್ಕು, ಇದು ಐವತ್ತೆರಡು. ಎರಡೂ ಒಂದೇ ಗುಂಡಿ."

ಮುಖ್ಯಸ್ಥರು ತಟ್ಟೆ ನೋಡಲಿಲ್ಲ, ಮೇಜಿನ ಮೇಲೆ ಉದುರಿದ ಮಣ್ಣನ್ನು ನೋಡಿದರು. "ಒಂದೇ ಥರ ಇದ್ರೆ ಒಳ್ಳೇದೇ ಅಲ್ವೇನಮ್ಮ? ಬಾಳೆ ಹಾಕೋರಿಗೆ ಬೇಕಾಗಿರೋದೂ ಅದೇ."

"ಹೊಳೆ ಒಂದೇ ಅಡುಗೆನ ಐವತ್ತು ಮನೆಗೆ ಬಡಿಸಲ್ಲ ಸಾರ್."

"ನೀನು ಜರಡಿ ಹಿಡಿ. ಅಭಿಪ್ರಾಯ ಹೇಳೋಕೆ ನಾವಿದ್ದೀವಿ."

ಅಭಿಪ್ರಾಯ ತಿಂಗಳೊಳಗೆ ಚಂದದ ರಟ್ಟು ಹೊದ್ದುಕೊಂಡು ಹೊರಬಂತು: ಇಡೀ ಬಯಲು ಏಕರೂಪದ, ಆಳವಾದ, ನೀರು ಚೆನ್ನಾಗಿ ಬಸಿಯುವ ಮೆಕ್ಕಲು ಮಣ್ಣು.

ಅದನ್ನು ಓದಿ ಅವಳು ಒಂದು ಹೂಂಕಾರ ಹಾಕಿ ಸುಮ್ಮನಾಗಿಬಿಡುತ್ತಿದ್ದಳೇನೋ. ಆದರೆ ನಾದಿನಿ ಮನೆಗೆ ಬಂದು, "ನಾವೂ ಸಂಘದಲ್ಲಿ ಜಮೀನು ಗುತ್ತಿಗೆಗೆ ತಗೊಳ್ತಿದ್ದೀವಿ ಅತ್ತಿಗೆ. ಹೊಳೆ ಪಕ್ಕದ್ದು ಯಾರಿಗೂ ಬೇಡ, ನೆರೆ ಬಂದ್ರೆ ಮೊದಲು ಹೋಗೋದು ಅದೇ. ನಾವು ಹಿಂದುಗಡೆ, ಮೂವತ್ತೇಳನೇ ಗೂಟದ ಹತ್ತಿರ ಕೇಳಿದ್ದೀವಿ" ಎಂದಳು.

ಆಕೆ ಹಾಳಾಗಲಿ ಎಂದು ಒಂದು ಗಳಿಗೆ ಅನಿಸದೇ ಇರಲಿಲ್ಲ. ಆದರೆ ಟೋಪಿಯ ಕೈಯಿಂದ ಹಾಳಾಗುವುದು? ತನ್ನ ನಾದಿನಿ ಅಷ್ಟು ಅಗ್ಗವಲ್ಲ.

ಭಾನುವಾರ ಬೆಳಿಗ್ಗೆ ಸ್ಟೋರಿನ ಮಣ್ಣು ಕೊರೆಯುವ ಬೈರಿಗೆಯನ್ನು ನಾದಿನಿಯ ಹೆಗಲಿಗೇ ಹೊರಿಸಿ ಬಸ್ಸು ಹತ್ತಿಸಿದಳು. ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ ನಾದಿನಿ ದಾರಿಯುದ್ದಕ್ಕೂ ಗೊಣಗಿದಳು. ಮೊದಲು ಹೊಳೆಯ ದಂಡೆ. ಬೈರಿಗೆ ಸಲೀಸಾಗಿ ಇಳಿಯಿತು. ಮೊಳದುದ್ದ, ಎರಡು ಮೊಳ, ಆಳಕ್ಕೆ ಹೋದರೂ ಕಂದು ಬಣ್ಣವೇ. ಹಿಡಿದರೆ ಉಂಡೆ, ಬೆರಳು ಒತ್ತಿದರೆ ಪುಡಿ.

ಅಲ್ಲಿಂದ ಒಳಗೆ ಮೂವತ್ತೇಳಕ್ಕೆ ನಡೆದರು. ಗೂಟಗಳನ್ನೇನೋ ಕೂಲಿಯವರು ಪ್ರಾಮಾಣಿಕವಾಗಿ ಹೊಡೆದಿದ್ದರು. ಗೂಟದ ಸುತ್ತ ಗುಂಡಿ ತೆಗೆದ ಗುರುತೇ ಇರಲಿಲ್ಲ. ಗೇಣು ಇಳಿಯುವಷ್ಟರಲ್ಲಿ ಬೈರಿಗೆ ಕಚ್ಚಿಕೊಂಡಿತು. ಇಬ್ಬರೂ ಜೋತುಬಿದ್ದು ಎಳೆದಾಗ ಹೊರಬಂದದ್ದು ಬೂದು ಬಣ್ಣದ ಜೇಡಿ, ಬೇರಿನ ತೂತುಗಳ ಗುಂಟ ತುಕ್ಕಿನ ಗೆರೆ. ತೂತಿನಲ್ಲಿ ನೀರು ಒಸರಿ, ಕೊಳೆತ ಮೊಟ್ಟೆಯ ನಾತ ಬಂತು.

ನಾದಿನಿ ಮೂಗು ಮುಚ್ಚಿಕೊಂಡಳು. "ಇದೇನು ಅತ್ತಿಗೆ? ಹೊಳೆ ಅಷ್ಟು ದೂರ ಇದೆ, ನೀರು ಇಲ್ಲೇ ಇದೆಯಲ್ಲ?"

"ಹೊಳೆ ಉಕ್ಕಿದಾಗ ಭಾರದ ಮರಳು ದಂಡೆ ಮೇಲೇ ಇಳಿದುಬಿಡುತ್ತೆ ಕಣೇ. ವರ್ಷ ವರ್ಷ ಬಿದ್ದು ಬಿದ್ದು ದಂಡೆ ಎತ್ತರ ಆಗಿದೆ. ಜೇಡಿ ಹಗುರ, ತೇಲಿಕೊಂಡು ಹಿಂದಕ್ಕೆ ಬಂದು ಇಲ್ಲಿ ಕೂತುಕೊಳ್ಳುತ್ತೆ. ನೆರೆ ದಂಡೆಗೆ ಬಂದ್ರೆ ಎರಡು ದಿನದ ನೆಂಟ. ಇಲ್ಲಿಗೆ ಬಂದ್ರೆ ಮನೆ ಅಳಿಯ, ಏಳೋದೇ ಇಲ್ಲ."

ನಾದಿನಿ ಕೆಸರಾದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಯೋಚಿಸುತ್ತ ನಿಂತಳು.

ಆ ಮಣ್ಣನ್ನು ಜರಡಿಯಮ್ಮ ತಂದು ಒಣಗಿಸಿ, ಚೀಟಿಯ ಮೇಲೆ ಮೂವತ್ತೇಳು ಎಂದು ಬರೆದು ಒಳಗೆ ಕಳಿಸಿದಳು. ಒಳಗಿನವರು ಒಂದೇ ಸಂಖ್ಯೆಗೆ ಎರಡು ಫಲಿತಾಂಶ ಬರೆದು, ಆಮೇಲೆ ಗಾಬರಿಬಿದ್ದರು. ಟೋಪಿ ಶೆಡ್ಡಿಗೇ ನುಗ್ಗಿದ.

"ನಿನಗೆ ಯಾರು ಹೇಳಿದ್ದು ಅಲ್ಲಿಗೆ ಹೋಗೋಕೆ?"

"ನಿಮಗೆ ಹೇಳಿದ್ರಲ್ಲ ಸಾರ್, ನೀವು ಹೋಗಲಿಲ್ಲ. ಅದಕ್ಕೆ ನಾನು ಹೋದೆ."

ಬೈರಿಗೆಯನ್ನು ಅನುಮತಿಯಿಲ್ಲದೆ ಒಯ್ದ ತಪ್ಪಿಗೆ ಅವಳನ್ನು ಒಂದು ವರ್ಷ ಬಾಟಲಿ ತೊಳೆಯುವ ಕೆಲಸಕ್ಕೆ ಹಾಕಿದರು. ವರದಿಗೆ ಒಂದು ಸಾಲು ಸೇರಿತು: ಕೆಲವು ಕಡೆ ಅಲ್ಪ ವ್ಯತ್ಯಾಸವಿರಬಹುದು. ಆ ಅಲ್ಪದ ಮೇಲೆ ಬೆಳೆಗಾರರು ಸಾವಿರಾರು ಬಾಳೆಯ ಕಂದು ನೆಟ್ಟರು. ಮುಂದಿನ ಮಳೆಗಾಲಕ್ಕೆ ನೆರೆ ಬಂತು. ದಂಡೆಯ ನೀರು ಎರಡನೇ ದಿನಕ್ಕೆ ಇಳಿಯಿತು. ಹಿಂದಿನ ಬಯಲಿನಲ್ಲಿ ನಲವತ್ತು ದಿನ ನಿಂತಿತು. ಗಿಡಗಳು ಹಳದಿಯಾಗಿ, ಬುಡ ಕೊಳೆತು ಒಂದರ ಮೇಲೊಂದು ಒರಗಿದವು.

ಗಿಡ ಯಾಕೆ ಹಳದಿಯಾಯಿತು ಎಂದು ಪತ್ತೆ ಹಚ್ಚಲು ಸಮಿತಿಯೊಂದಾಯಿತು. ಅದರ ಮುಖ್ಯಸ್ಥ ಯಾರು? ಆ ಬಯಲಿನ ಮಣ್ಣನ್ನು ಮೊದಲೇ ಬಲ್ಲ ಅನುಭವಿ, ಟೋಪಿ ಸಾಹೇಬರು! ಜರಡಿಯಮ್ಮ ಅದನ್ನು ಕೇಳಿ ತೊಳೆಯುತ್ತಿದ್ದ ಬಾಟಲಿ ಬದಿಗಿಟ್ಟು ನಕ್ಕಳು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಮೂರನೇ ದಿನ ಟೋಪಿ ತಾನೇ ಬಾಟಲಿ ತೊಳೆಯುವ ಬಚ್ಚಲಿನ ಬಾಗಿಲಿಗೆ ಬಂದು ನಿಂತ. "ಜರಡಿಯಮ್ಮ, ನೀವೂ ನಮ್ಮ ಜೊತೆ ಬರಬೇಕು."

ನೀನು ಹೋಗಿ ನೀವು ಆಗಿದ್ದನ್ನು ಅವಳ ಕಿವಿ ಗಮನಿಸಿತು. "ಬರ್ತೀನಿ. ಆದ್ರೆ ಗುಂಡಿ ನಾನು ತೋಡಲ್ಲ. ನೀವು ತೋಡ್ತೀರಿ, ನಾನು ನೋಡ್ತೀನಿ."

ಹಾಗೇ ಆಯಿತು. ಮೂವತ್ತೇಳನೇ ಗೂಟದ ಬಳಿ ಅವಳು ಮಣೆ ಹಾಕಿಕೊಂಡು ಕೂತಳು. ಟೋಪಿ ಸೊಂಟದವರೆಗೆ ಗುಂಡಿಯಲ್ಲಿ ಇಳಿದು ಸಲಿಕೆ ಹಿಡಿದು ಏದುಸಿರು ಬಿಡುತ್ತಿದ್ದ. ಜೇಡಿ ಸಲಿಕೆಯನ್ನೂ ಬಿಡುತ್ತಿರಲಿಲ್ಲ, ಅವನ ಬೂಟನ್ನೂ ಬಿಡುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಅವನೇ ಬಾಯಿಬಿಟ್ಟ.

"ಹನ್ನೆರಡನೇ ಜಾಗದಲ್ಲಿ ಹಾವು ಕಾಣಿಸ್ತು. ಸಣ್ಣವನಿದ್ದಾಗಿಂದ ನನಗೆ ಹಾವು ಅಂದ್ರೆ... ಆಮೇಲೆ ಉಳಿದಿದ್ದೆಲ್ಲ ತಂಗಿದ್ದ ಬಂಗಲೆ ಹಿಂದುಗಡೆ ಒಂದೇ ಗುಂಡಿಯಿಂದ ತುಂಬಿಸಿಬಿಟ್ಟೆ."

ಬಂಗಲೆ ಇದ್ದದ್ದು ಹೊಳೆಯ ದಂಡೆಯಲ್ಲೇ.

"ಹಾವು ಇದ್ದಿದ್ದು ಒಂದು ಕಡೆ," ಎಂದಳು ಜರಡಿಯಮ್ಮ. "ನೀವು ಹೆದರಿದ್ದು ನಲವತ್ತೊಂಬತ್ತು ಕಡೆ. ತೋಡಿ, ಇನ್ನೂ ಒಂದು ಗೇಣು ಬಾಕಿ ಇದೆ."

ಅವನ ಮೇಲೆ ಅಯ್ಯೋ ಅನಿಸೀತೆಂದು ಅವಳು ಸ್ವಲ್ಪ ಹೊತ್ತು ಕಾದಳು. ಅನಿಸಲಿಲ್ಲ. ಕೊಳೆತ ಬಾಳೆಯ ಸಾಲು ಕಣ್ಣಳತೆಯವರೆಗೂ ಎದುರಿಗೇ ಇತ್ತು.

ಎರಡನೇ ಸರ್ವೆಗೆ ಏಳು ತಿಂಗಳು ಹಿಡಿಯಿತು. ಈ ಸಲದ ನಕ್ಷೆ ಸರಿಯಾಗಿತ್ತು. ಅದರ ಮೇಲೆ ಟೋಪಿಯ ಹೆಸರಿತ್ತು, ಮುಖ್ಯಸ್ಥರ ಹೆಸರಿತ್ತು, ಜೀಪಿನ ಡ್ರೈವರನ ಹೆಸರೂ ಇತ್ತು. ಇವಳದು "ಮತ್ತು ಸಿಬ್ಬಂದಿ" ಎಂಬುದರೊಳಗೆ ಎಲ್ಲೋ ಅಡಗಿತ್ತು. ಅವಳಿಗೆ ಜರಡಿಯ ಕೆಲಸ ವಾಪಸು ಕೊಟ್ಟರು. ಅದನ್ನು ಉಪಕಾರ ಎಂದು ಬಗೆದು ಧನ್ಯವಾದಕ್ಕೆ ಕಾದು ನಿಂತ ಮುಖ್ಯಸ್ಥರನ್ನು, ಅವಳು ಅವರಷ್ಟಕ್ಕೆ ನಿಲ್ಲಲು ಬಿಟ್ಟು ಶೆಡ್ಡಿಗೆ ಹೋದಳು.

ಯಾರಿಗೂ ಬೇಡವಾದ ದಂಡೆಯ ಜಮೀನನ್ನು ಕೊನೆಗಳಿಗೆಯಲ್ಲಿ ಕೇಳಿ ಪಡೆದದ್ದು ನಾದಿನಿಯೊಬ್ಬಳೇ. ನೆರೆ ಇಳಿದ ಮೇಲೆ ಅಲ್ಲಿ ಎರಡು ಬೆರಳಷ್ಟು ಹೊಸ ಗೋಡು ಕೂತಿತ್ತು, ಗಿಡಗಳು ಮೊದಲಿಗಿಂತ ದಪ್ಪವಾಗಿದ್ದವು. ಮೊದಲ ಗೊನೆ ಕಡಿದ ದಿನ ನೆರೆಹೊರೆಯವರೆಲ್ಲ ಸೇರಿದ್ದರು. "ಇಷ್ಟು ಜನ ಇದ್ದೂ ನಿಮಗೊಬ್ಬರಿಗೇ ಹೇಗಮ್ಮ ಗೊತ್ತಾಯ್ತು?" ಎಂದು ಯಾರೋ ಕೇಳಿದರು.

"ಮಣ್ಣು ನೋಡಿದ್ರೆ ಗೊತ್ತಾಗಲ್ವೇ?" ಎಂದಳು ನಾದಿನಿ. "ನಾನೇ ಬೈರಿಗೆ ಹೊತ್ಕೊಂಡು ಹೋಗಿ ಕೊರೆದು ನೋಡಿದೆ. ಅತ್ತಿಗೆನೂ ಬಂದಿದ್ರು, ಜೊತೆಗೆ."

ಜರಡಿಯಮ್ಮನ ಮೂಗು ತಾನಾಗಿಯೇ ಮುರಿಯಿತು. ಅವಳು ಗೊನೆಯಿಂದ ಎಲ್ಲಕ್ಕಿಂತ ದೊಡ್ಡ ಚಿಪ್ಪನ್ನು ಕೇಳದೆಯೇ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು. ನಾದಿನಿ ನೋಡಿಯೂ ನೋಡದಂತೆ ಆ ಕಡೆ ತಿರುಗಿದಳು.